ಖಾನಾಪುರದ ಗ್ಯಾರೇಜಿನಲ್ಲಿ ನರ್ನ್‌ಸ್ಟ್ ಸಮೀಕರಣ

ಬೆಳಗಾವಿ ಸೀಮೆಯ ಜನ ಕಾರಿನ ದಮ್ಮು ನೋಡುವುದು ಚೋರ್ಲಾ ಘಾಟಿನಲ್ಲಿ. ಜಾಂಬೋಟಿ ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿ ದಾಟಿ, ಗೋವಾದ ಕೇರಿಗೆ ಇಳಿಯುವ ಆ ದಾರಿಯಲ್ಲಿ ಹೋಗುವಾಗ ಬ್ರೇಕಿಗೆ ಪರೀಕ್ಷೆ, ಬರುವಾಗ ಇಂಜಿನ್ನಿಗೆ ಪರೀಕ್ಷೆ. ಮಳೆಗಾಲದಲ್ಲಂತೂ ತಿರುವು ತಿರುವಿಗೂ ಮಂಜು, ಮುಂದೆ ತುಂಬಿದ ಲಾರಿ, ಹಿಂದೆ ಹಾರ್ನಿನ ಸದ್ದು. ಸೆಕೆಂಡ್ ಗೇರಿನಲ್ಲಿ ಎಕ್ಸಲೇಟರ್ ಒತ್ತಿದರೆ ಗಾಡಿ ಎದ್ದು ಬರಬೇಕು. ಬರದಿದ್ದರೆ ಮರುದಿನ ಅದರ ಸುದ್ದಿ ಗ್ಯಾರೇಜಿಗೆ ಮುಟ್ಟುತ್ತದೆ.

ಹಲಸಿಯ ರಸಾಯನಶಾಸ್ತ್ರ ಉಪನ್ಯಾಸಕರೊಬ್ಬರ ಕಾರಿನ ಸುದ್ದಿ ಖಾನಾಪುರದ ಒಂದು ಗ್ಯಾರೇಜಿಗೆ ಒಂದು ಮಳೆಗಾಲದಲ್ಲಿ ಮುಟ್ಟಿದ್ದು ಹಾಗೆಯೇ. ಮಗಳನ್ನು ಗೋವಾದ ಸಾಖಳಿಗೆ ಕೊಟ್ಟಿದ್ದರಿಂದ ಚೋರ್ಲಾ ಅವರಿಗೆ ಬೀಗರ ಮನೆಯ ದಾರಿ. ಗಿರಾಕಿಗಳನ್ನು ಊರಿನ ಹೆಸರಿನಿಂದಲೇ ಗುರುತಿಡುವ ಮಿಸ್ತ್ರಿಗಳ ಬಾಯಲ್ಲಿ ಅವರು ‘ಹಲಸಿ ಸರ’. ಈಗ ನಿವೃತ್ತರು, ಆಗ ಎರಡನೆಯ ಪಿಯುಸಿ ಮಕ್ಕಳಿಗೆ ವಿದ್ಯುತ್ ರಸಾಯನದ ಪಾಠ ಮಾಡುತ್ತಿದ್ದರು. ಆ ಮಳೆಗಾಲದ ನೆನಪು ತೆಗೆದರೆ ಇವತ್ತಿಗೂ ಅವರ ಮಾತು ಕಾರಿನಿಂದ ಪಾಠಕ್ಕೆ, ಪಾಠದಿಂದ ಮತ್ತೆ ಕಾರಿಗೆ ಓಡಾಡುತ್ತದೆ.

ಹಲಸಿ ಸಣ್ಣ ಊರು, ಇತಿಹಾಸ ದೊಡ್ಡದು. ಸಂಗೊಳ್ಳಿ ರಾಯಣ್ಣನ ಸಮಾಧಿ ಇರುವ ನಂದಗಡದ ಮೇಲೆ ಹಾದು ಖಾನಾಪುರದಿಂದ ಸುಮಾರು 14 ಕಿಲೋಮೀಟರ್. ಬನವಾಸಿಯ ಕದಂಬರು ಪಲಾಶಿಕಾ ಎಂಬ ಹೆಸರಿನಲ್ಲಿ ಎರಡನೆಯ ರಾಜಧಾನಿ ಮಾಡಿಕೊಂಡಿದ್ದ ಊರು ಇದು. ದೊರೆ ಮೃಗೇಶವರ್ಮ ಇಲ್ಲಿ ಬಸದಿ ಕಟ್ಟಿಸಿದ. ಗೋವಾ ಕದಂಬರ ಕಾಲದ, 12ನೆಯ ಶತಮಾನದ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿ ನಿಂತಿವೆ. ಗುಡಿ ನೋಡಲು ಬಂದವರು ಸಂಜೆಗೆ ಹೊರಟುಹೋಗುತ್ತಾರೆ. ಊರವರಿಗೆ ದಿನವೂ ಕಾಲೇಜು, ಆಸ್ಪತ್ರೆ, ಬ್ಯಾಂಕಿಗೆ ಹೊರಗೆ ಹೋಗಿಬರುವ ಕೆಲಸ. ಅಲ್ಲಿ ಕಾರು ಕೈಕೊಟ್ಟರೆ ಮನೆಯ ದಿನಚರಿಯೇ ಕೈಕೊಡುತ್ತದೆ.

ಸರ್ ಕೊಂಡಿದ್ದು ಬೆಳಗಾವಿಯಲ್ಲಿ ಸಿಕ್ಕ ಸೆಕೆಂಡ್ ಹ್ಯಾಂಡ್ ಗಾಡಿ. ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್, ಬಿಎಸ್-4 ಕಾಲದ್ದು. ನಮ್ಮಲ್ಲಿ ಡೀಸೆಲ್ ಕಾರಿಗೆ ಟರ್ಬೊ ಹಳೆಯ ನೆಂಟ. ಸಣ್ಣ ಪೆಟ್ರೋಲ್ ಕಾರಿಗೆ ಅದು ಬಂದದ್ದು 2013ರ ಸುಮಾರಿಗೆ, ಫೋರ್ಡ್ ಇಕೋಸ್ಪೋರ್ಟಿನ ಒಂದು ಲೀಟರ್ ಇಂಜಿನ್ನು ಮತ್ತು ಫೋಕ್ಸ್‌ವ್ಯಾಗನ್ ಪೋಲೊದ 1.2 ಲೀಟರ್ ಇಂಜಿನ್ನಿನ ಮೂಲಕ. 2017ರಲ್ಲಿ ಟಾಟಾ ನೆಕ್ಸಾನ್, ಮಾರುತಿ ಬಲೆನೊ ಆರ್‌ಎಸ್ ಬಂದವು. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಇದರ ಬೇರು. ಸೈಲೆನ್ಸರಿನಿಂದ ಸುಮ್ಮನೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಜೋರಾಗಿ ಓಡುವಾಗ ಈ ಚಕ್ರಗಳು ನಿಮಿಷಕ್ಕೆ ಲಕ್ಷ ಸುತ್ತಿನ ಮೇಲೆ ತಿರುಗುತ್ತವೆ. ಹೆಚ್ಚು ಗಾಳಿ ಹೋದಷ್ಟು ಹೆಚ್ಚು ಪೆಟ್ರೋಲ್ ಸುಡಬಹುದು, ಸಣ್ಣ ಇಂಜಿನ್ನಿಂದ ದೊಡ್ಡ ಕೆಲಸ ತೆಗೆಯಬಹುದು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯ ತೆಳುಗಾಳಿಯಲ್ಲಿ ಆ ಲಾಭ ಎದ್ದು ಕಾಣುತ್ತದೆ.

ಸಾಖಳಿಯಿಂದ ವಾಪಸು ಬರುವಾಗ ಆ ಲಾಭವೇ ಮಾಯವಾಗಿತ್ತು. ಕೇರಿ ದಾಟಿ ಏರು ಹತ್ತುತ್ತಿದ್ದಂತೆ ಗಾಡಿ ಮುಗ್ಗರಿಸಿತು. ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹೊತ್ತಿತ್ತು. ಇದೇ ದೀಪಕ್ಕೆ ಕೆಲವು ವಾರಗಳ ಹಿಂದೆ ಬೇರೆಯೊಂದು ಕಡೆ ಸ್ಕ್ಯಾನರ್ ಹಾಕಿ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೊಸದನ್ನು ಕೂರಿಸಿದ್ದರು. ಬಿಲ್ಲು ಹತ್ತು ಸಾವಿರದ ಆಜುಬಾಜು. ದೀಪ ಆರಿತ್ತು. ಈಗ ಮತ್ತೆ ಹೊತ್ತಿದೆ. ಹೊಸ ಸೆನ್ಸರೂ ಇಷ್ಟು ಬೇಗ ಹೋಯಿತೇ?

ಖಾನಾಪುರದ ಮಿಸ್ತ್ರಿಗೆ ಈ ಪ್ರಶ್ನೆಯೇ ಸರಿಬರಲಿಲ್ಲ.

“ಸರ, ಕೋಡ್ ಬಂದೈತಿ ಅಂದ್ರ ಪಾರ್ಟ್ ಹೋಗೇತಿ ಅಂತ ಅಲ್ರಿ. ಮೊದ್ಲ ಏನ್ ಬರದೈತಿ ಓದೂಣು.”

ಮಿಸ್ತ್ರಿ ಹುಟ್ಟಿ ಬೆಳೆದದ್ದು ಹಂಚು, ಮಡಕೆ ಸುಡುವವರ ಮನೆಯಲ್ಲಿ. ಖಾನಾಪುರದ ಮಣ್ಣಿಗೆ ಹೆಸರಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಇದೇ ಊರಿನಲ್ಲಿ. ಅವರು ಮಾತ್ರ ಭಟ್ಟಿ ಬಿಟ್ಟು ಪಾನಾ ಹಿಡಿದರು. ಕಲಿತದ್ದು ಕಾರ್ಬುರೇಟರ್ ಕಾಲದಲ್ಲಿ. ಆಗ ಮಿಕ್ಸ್‌ಚರ್ ಸ್ಕ್ರೂವನ್ನು ಕಿವಿಯ ಅಂದಾಜಿನ ಮೇಲೆ ತಿರುಗಿಸುತ್ತಿದ್ದರು. ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾದದ್ದು 1995ರ ಏಪ್ರಿಲ್‌ನಲ್ಲಿ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್. ಸೀಸ ಕನ್ವರ್ಟರನ್ನೂ ಕೊಲ್ಲುತ್ತದೆ, ಆಕ್ಸಿಜನ್ ಸೆನ್ಸರನ್ನೂ ಕೊಲ್ಲುತ್ತದೆ. ಅದು ಹೋದಮೇಲೆಯೇ ಇವೆರಡೂ ಹಳ್ಳಿಯ ರಸ್ತೆಗೂ ಬಂದವು. ಸ್ಕ್ರೂ ತಿರುಗಿಸುವ ಕೆಲಸವನ್ನು ಇಸಿಯು ಎಂಬ ಕಂಪ್ಯೂಟರ್ ತನ್ನ ಕೈಗೆ ತೆಗೆದುಕೊಂಡಿತು. ಮಿಸ್ತ್ರಿ ಸ್ಕ್ಯಾನರ್ ಕೊಂಡರು, ಅದರ ಅಂಕಿಗಳನ್ನು ಓದಲು ಕಲಿತರು.

ಸ್ಕ್ಯಾನರ್ ತೋರಿಸಿದ್ದು ಪಿ 0171. ಮಿಶ್ರಣ ಲೀನ್, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಅದರಲ್ಲಿ ಸೆನ್ಸರ್ ಹೋಗಿದೆ ಎಂಬ ಮಾತೇ ಇಲ್ಲ. ಸೆನ್ಸರಿನ ಹೀಟರ್ ಸುಟ್ಟಿದ್ದರೆ ಪಿ 0135 ಬರಬೇಕಿತ್ತು, ಟರ್ಬೊ ಒತ್ತಡ ಸಾಲದಿದ್ದರೆ ಪಿ 0299. ಮಿಸ್ತ್ರಿ ಕೋಡನ್ನು ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ತೆಗೆದರು. ಕೋಡ್ ದಾಖಲಾದ ಗಳಿಗೆಯಲ್ಲಿ ಇಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಕಂಪ್ಯೂಟರ್ ತಾನಾಗಿ ಬರೆದಿಟ್ಟುಕೊಂಡಿರುತ್ತದೆ. ವೇಗ ಸೊನ್ನೆ. ಇಂಜಿನ್ ಐಡ್ಲಿಂಗಿನಲ್ಲಿ. ಕೂಲಂಟ್ 64 ಡಿಗ್ರಿ, ಅಂದರೆ ಇನ್ನೂ ಪೂರ್ತಿ ಕಾದಿಲ್ಲ.

ಸರ್‌ಗೆ ಆಗ ಹೊಳೆಯಿತು. ಘಾಟಿನಲ್ಲಿ ಕಂಡ ದೀಪ ಘಾಟಿನಲ್ಲಿ ಹುಟ್ಟಿದ್ದಲ್ಲ. ಬೆಳಿಗ್ಗೆ ಬೀಗರ ಅಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡಿ, ಚೀಲ, ಡಬ್ಬಿ ಇಡುತ್ತ, ಮೊಮ್ಮಗಳನ್ನು ಮಾತಾಡಿಸುತ್ತ ನಿಂತಿದ್ದರಲ್ಲ, ಆಗಲೇ ಇಂಜಿನ್ ತನ್ನ ದೂರು ಬರೆದುಕೊಂಡಿತ್ತು. ಮಿಶ್ರಣದ ಮೇಲೆ ನಂಬಿಕೆ ಹೋದಾಗ ಆ ಗಾಡಿಯ ಇಸಿಯು ಟರ್ಬೊ ಒತ್ತಡ ತಗ್ಗಿಸಿ ಇಂಜಿನ್ನನ್ನು ಕಾಯುತ್ತದೆ. ಘಾಟಿನಲ್ಲಿ ಪಿಕಪ್ ಇಲ್ಲದ್ದು ಅದರ ಪರಿಣಾಮ.

ಮುಂದಿನ ಮಾತಿಗೆ ಸೆನ್ಸರ್ ಏನು ಅಳೆಯುತ್ತದೆ ಎಂಬುದು ಗೊತ್ತಿರಬೇಕು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಸುಡಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕ ಸರಿಯಾಗಿ ಕೂತರೆ ಲ್ಯಾಂಬ್ಡಾ 1. ಅದಕ್ಕಿಂತ ಹೆಚ್ಚಾದರೆ ಲೀನ್, ಕಡಿಮೆಯಾದರೆ ರಿಚ್. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಇದನ್ನು ಹೇಳುವ ಸಾಧನವೇ ಆಕ್ಸಿಜನ್ ಸೆನ್ಸರ್. ಬಾಷ್ ಕಂಪನಿ ಇದನ್ನು ತಯಾರಿಸಲು ತೊಡಗಿದ್ದು 1976ರಲ್ಲಿ, ಮೊದಲು ಕೂತದ್ದು ಅಮೆರಿಕಕ್ಕೆ ಹೊರಟ ವೋಲ್ವೊ ಕಾರುಗಳಲ್ಲಿ. ನಮ್ಮ ಗ್ಯಾರೇಜುಗಳಿಗೆ ಬಾಷ್ ಹೊಸಬನಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೊ ಅದರದೇ ಕೂಸು; ಸ್ಪಾರ್ಕ್ ಪ್ಲಗ್ ಎಂದರೆ ಮೈಕೊ ಎನ್ನುವ ಹಳಬರು ಈಗಲೂ ಇದ್ದಾರೆ.

ಸೆನ್ಸರಿನ ಒಡಲಲ್ಲಿರುವುದು ಸುಟ್ಟ ಪಿಂಗಾಣಿ. ಜಿರ್ಕೋನಿಯಂ ಆಕ್ಸೈಡಿಗೆ ತುಸು ಯಿಟ್ರಿಯಂ ಆಕ್ಸೈಡ್ ಬೆರೆಸಿ ಸುಟ್ಟದ್ದು. ಸುಮಾರು 300 ಡಿಗ್ರಿ ದಾಟಿ ಕಾದ ಮೇಲೆ ಅದರೊಳಗೆ ಆಮ್ಲಜನಕದ ಅಯಾನುಗಳು ಓಡಾಡತೊಡಗುತ್ತವೆ. ಒಂದು ಮಗ್ಗುಲಲ್ಲಿ ಹೊರಗಿನ ಗಾಳಿ, ಅದರಲ್ಲಿ 21 ಪ್ರತಿಶತ ಆಮ್ಲಜನಕ. ಇನ್ನೊಂದು ಮಗ್ಗುಲಲ್ಲಿ ಹೊಗೆ. ಎರಡರ ನಡುವಿನ ಅಂತರ ವೋಲ್ಟೇಜಾಗಿ ಹೊರಬರುತ್ತದೆ. ಹಳೆಯ ಬಗೆಯ ಸೆನ್ಸರಿನಲ್ಲಿ ಮಿಶ್ರಣ ರಿಚ್ ಇದ್ದರೆ 0.9 ವೋಲ್ಟಿನ ಹತ್ತಿರ, ಲೀನ್ ಇದ್ದರೆ 0.1ರ ಹತ್ತಿರ. ಟರ್ಬೊ ಕಾರುಗಳ ಮುಂದಿನ ಸೆನ್ಸರ್ ಸಾಮಾನ್ಯವಾಗಿ ವೈಡ್‌ಬ್ಯಾಂಡ್. ಅದರಲ್ಲಿ ಎರಡನೆಯ ಕೋಶವೊಂದು ಸಣ್ಣ ಕೋಣೆಯೊಳಗೆ ಆಮ್ಲಜನಕವನ್ನು ಎಳೆದು, ತಳ್ಳಿ, ಲ್ಯಾಂಬ್ಡಾ 1ನ್ನು ಕಾಯ್ದುಕೊಳ್ಳುತ್ತದೆ. ಅದಕ್ಕೆ ಬೇಕಾದ ಕರೆಂಟೇ ಅಳತೆ.

ಹಲಸಿ ಸರ್ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ಮಿಸ್ತ್ರಿಯ ಫೋನಿನ ಚಿತ್ರದಲ್ಲಿ ನೋಡಿದರು. ನೋಡಿದವರು ಎದ್ದೇ ನಿಂತರು. ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು, ಪರೀಕ್ಷೆಗೆ ಖಂಡಿತ ಬರುತ್ತದೆ ಎಂದು ಅಡಿಗೆರೆ ಎಳೆಸುತ್ತಿದ್ದ ನರ್ನ್‌ಸ್ಟ್ ಸಮೀಕರಣ ತಮ್ಮದೇ ಗಾಡಿಯ ಹೊಟ್ಟೆಯ ಕೆಳಗೆ ಕೆಲಸ ಮಾಡುತ್ತಿತ್ತು. ವಾಲ್ಟರ್ ನರ್ನ್‌ಸ್ಟ್ ಅದನ್ನು ಪ್ರಕಟಿಸಿದ್ದು 1889ರಲ್ಲಿ; ಅವರಿಗೆ ಸಿಕ್ಕಿದ್ದು 1920ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ. ಜಿರ್ಕೋನಿಯಾ ಕಡ್ಡಿ ಕಾದಾಗ ಕರೆಂಟ್ ಹರಿಸುತ್ತದೆ ಎಂಬ ಗುಣದಿಂದ ಅವರೊಂದು ದೀಪವನ್ನೂ ಮಾಡಿದ್ದರು. ಇದನ್ನು ಸರ್ ಹೇಳಿದಾಗ ಕೈಯಲ್ಲಿ ಗ್ರೀಸ್ ಮೆತ್ತಿಕೊಂಡಿದ್ದ ಹುಡುಗರೂ ಕೆಲಸ ಬಿಟ್ಟು ಕೇಳಿದರು.

ಮಿಸ್ತ್ರಿ ಅಂಕಿಗಳ ಕಡೆ ತಿರುಗಿದರು. ಇಂಜಿನ್ ತಣ್ಣಗಿದ್ದಾಗ ಐಡ್ಲಿಂಗಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಪ್ಲಸ್ 22. ತನ್ನ ಲೆಕ್ಕಕ್ಕಿಂತ 22 ಪ್ರತಿಶತ ಹೆಚ್ಚು ಪೆಟ್ರೋಲನ್ನು ಇಸಿಯು ಸುರಿಯುತ್ತಿದೆ ಎಂದು ಅದರ ಅರ್ಥ. ಹತ್ತರ ಒಳಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 2500 ಆರ್‌ಪಿಎಂಗೆ ಏರಿಸಿದರೆ ಅದು ಇಳಿಯುತ್ತಿತ್ತು. ಈ ಇಳಿತದಲ್ಲೇ ಮೊದಲ ಸುಳಿವು. ಪೆಟ್ರೋಲ್ ಪಂಪು ಸೋತಿದ್ದರೆ, ಫಿಲ್ಟರ್ ಕಟ್ಟಿದ್ದರೆ, ಹೆಚ್ಚು ಪೆಟ್ರೋಲ್ ಬೇಕಾದಾಗ ಕೊರತೆ ಹೆಚ್ಚಬೇಕು. ಇಲ್ಲಿ ಉಲ್ಟಾ. ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ತುಸು ಗಾಳಿ ಸೇರುತ್ತಿದೆ. ಇಂಜಿನ್ ಕಡಿಮೆ ಗಾಳಿ ಎಳೆಯುವಾಗ ಆ ತುಸುವೇ ಬಹಳವಾಗಿ ಕಾಣುತ್ತದೆ, ಜೋರಾಗಿ ಓಡುವಾಗ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಮೊದಲು ಸೆನ್ಸರಿನ ಮೇಲಿನ ಅನುಮಾನ ಕಳೆಯಬೇಕಿತ್ತು. ಕನೆಕ್ಟರ್ ಬಿಚ್ಚಿ ನೋಡಿದರು; ನೀರಿಲ್ಲ, ಹಸಿರು ಜಂಗಿಲ್ಲ. ಮಲ್ಟಿಮೀಟರ್ ಹಿಡಿದಾಗ ಹೀಟರಿನ ರೋಧ ಕೆಲವೇ ಓಮ್ಸ್, ಇರಬೇಕಾದಷ್ಟೇ. ಹೀಟರಿಗೆ ಕರೆಂಟೂ ಬರುತ್ತಿತ್ತು. ತಣ್ಣನೆಯ ಇಂಜಿನ್ ಸ್ಟಾರ್ಟ್ ಆದ ಕೂಡಲೇ ಇಸಿಯು ಹೀಟರಿಗೆ ಪೂರ್ತಿ ಕರೆಂಟ್ ಕೊಡುವುದಿಲ್ಲ. ಪೈಪಿನಲ್ಲಿ ಕಟ್ಟಿಕೊಂಡ ನೀರಹನಿ ಕಾದ ಪಿಂಗಾಣಿಗೆ ಸಿಡಿದರೆ ಅದು ಸೀಳುತ್ತದೆ; ಹನಿ ಆರುವವರೆಗೂ ಇಸಿಯು ತಾಳುತ್ತದೆ. ಮಳೆಗಾಲದ ಊರಿನಲ್ಲಿ ಈ ತಾಳ್ಮೆ ಸೆನ್ಸರಿನ ಆಯುಷ್ಯ ಕಾಯುತ್ತದೆ.

ಇನ್ನುಳಿದದ್ದು ರಸ್ತೆಯ ಪರೀಕ್ಷೆ. ಅಂಕಿಗಳನ್ನೆಲ್ಲ ಬರೆದುಕೊಂಡ ಮೇಲೆ ಕೋಡ್ ಅಳಿಸಿ ಇಬ್ಬರೂ ಜಾಂಬೋಟಿ ದಾರಿ ಹಿಡಿದರು. ಸ್ಟೇರಿಂಗ್ ಮಿಸ್ತ್ರಿಯ ಕೈಯಲ್ಲಿ, ಸ್ಕ್ಯಾನರ್ ಸರ್ ತೊಡೆಯ ಮೇಲೆ.

“ಸರ, ಈಗ ಕಾಲ ತೆಗೀತೀನ್ರಿ. ಲ್ಯಾಂಬ್ಡಾ ಎಷ್ಟ್ ಬರತೈತಿ ಒದರ್ರಿ.”

ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ಎಕ್ಸಲೇಟರಿನಿಂದ ಕಾಲು ತೆಗೆದರೆ ಇಸಿಯು ಇಂಜೆಕ್ಟರುಗಳನ್ನು ಮುಚ್ಚುತ್ತದೆ. ಸಿಲಿಂಡರಿನಿಂದ ಹೊರಬರುವುದು ಬರೀ ಗಾಳಿ. ಸೆನ್ಸರ್ ಬದುಕಿದ್ದರೆ ಕೂಡಲೇ ಅದನ್ನು ಹೇಳಬೇಕು. ಕಾಲು ತೆಗೆದ ಕ್ಷಣದಲ್ಲೇ ಅಂಕಿ ತೆರೆಯ ತುದಿಗೆ ಜಿಗಿಯಿತು. ಏರಿನಲ್ಲಿ ಪೂರ್ತಿ ಒತ್ತಿದಾಗ 0.88. ಟರ್ಬೊ ಒತ್ತಡ, ಅಂದರೆ ಬೂಸ್ಟ್, ಇದ್ದಾಗ ಇಂಜಿನ್ನನ್ನು ತಂಪಿಡಲು ಬೇಕೆಂದೇ ತುಸು ಹೆಚ್ಚು ಪೆಟ್ರೋಲ್ ಕೊಡುತ್ತಾರೆ. ಅಲ್ಲಿ 1ಕ್ಕಿಂತ ಕಡಿಮೆ ಬರುವುದೇ ಸರಿ. ಎರಡು ತುದಿಯಲ್ಲೂ ಸೆನ್ಸರ್ ತಡವರಿಸಲಿಲ್ಲ.

“ಸೆನ್ಸರ್ ಚಲೋ ಐತ್ರಿ ಸರ. ತನ್ನ ಮುಂದ ಬಂದಿದ್ದನ್ನ ಖರೇ ಹೇಳಾಕತ್ತೈತಿ. ಅದರ ಮುಂದ ಗಾಳಿ ಯಾಕ ಬರತೈತಿ, ಅದನ್ನ ಹುಡಕಬೇಕು.”

ಗಾಳಿ ಸೇರುವ ಜಾಗ ಎರಡು. ಒಂದು ಇಂಜಿನ್ನಿಗೆ ಮುಂಚೆ, ಇನ್ನೊಂದು ಇಂಜಿನ್ನಿನ ಆಚೆ. ಮುಂಚಿನ ಕಡೆ ಇಂಟರ್‌ಕೂಲರ್, ಅದರ ಎರಡೂ ತುದಿಯ ರಬ್ಬರ್ ಹೋಸು, ಕ್ಲಾಂಪು, ಇಂಟೇಕ್ ಮ್ಯಾನಿಫೋಲ್ಡು, ಸಣ್ಣ ವ್ಯಾಕ್ಯೂಮ್ ನಳಿಕೆಗಳು. ಟರ್ಬೊ ಗಾಡಿಯ ಇಂಟೇಕಿಗೆ ಎರಡು ಸ್ವಭಾವ. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡು ಎಳೆಯುತ್ತದೆ, ಬೂಸ್ಟ್ ಬಂದಾಗ ಅದೇ ಜಾಗ ಉಗುಳುತ್ತದೆ. ಒಂದೇ ಬಿರುಕು ಬೆಳಿಗ್ಗೆ ಗಾಳಿ ಸೇರಿಸಿ, ಘಾಟಿನಲ್ಲಿ ಗಾಳಿ ಸೋರಿಸಬಲ್ಲುದು. ಮಿಸ್ತ್ರಿ ಇಂಟೇಕಿಗೆ ಹೊಗೆ ಬಿಟ್ಟು ಟಾರ್ಚ್ ಹಿಡಿದು ಮೂಲೆಮೂಲೆ ನೋಡಿದರು. ಹೋಸುಗಳಿಗೆ ಸೋಪಿನ ನೀರು ಹೊಡೆದರು. ಎಲ್ಲೂ ಏನೂ ಇಲ್ಲ.

ಆಗ ಅವರು ಪ್ಲಗ್ ಬಿಚ್ಚಿದರು. ಇಡೀ ಪ್ರಸಂಗದಲ್ಲಿ ಸರ್‌ಗೆ ಮರೆಯಲಾಗದ ಗಳಿಗೆ ಅದು. ಲೀನ್ ಓಡುವ ಇಂಜಿನ್ನಿನ ಪ್ಲಗ್ ತುದಿ ಬೆಳ್ಳಗೆ ಸುಟ್ಟಿರಬೇಕು. ಮೂರು ಪ್ಲಗ್ಗುಗಳೂ ಕಪ್ಪಗಿದ್ದವು. ಒಣ ಮಸಿ, ಬೆರಳಿಗೆ ಹತ್ತುವಂಥದು. ಸೈಲೆನ್ಸರಿನ ಹತ್ತಿರ ನಿಂತರೆ ಹಸಿ ಪೆಟ್ರೋಲಿನ ವಾಸನೆ. ಮೈಲೇಜ್ ಇಳಿದಿದೆ ಎಂದು ಸರ್ ಹಿಂದೆಯೇ ಹೇಳಿದ್ದರು. ಸೆನ್ಸರ್ ಗಾಳಿ ಹೆಚ್ಚು ಎನ್ನುತ್ತಿದೆ, ಸಿಲಿಂಡರ್ ಗಾಳಿ ಸಾಲದು ಎನ್ನುತ್ತಿದೆ.

ಮಿಸ್ತ್ರಿ ಪ್ಲಗ್ಗನ್ನು ಬೆಳಕಿಗೆ ಹಿಡಿದು ತಮ್ಮ ಅಪ್ಪನ ಆವಿಗೆಯ ಮಾತು ತೆಗೆದರು. ಕೆಂಪು ಮಡಕೆಗೂ ಕರಿ ಮಡಕೆಗೂ ಮಣ್ಣು ಒಂದೇ. ಉರಿಯುವಾಗ ಗಾಳಿ ಆಡಿದರೆ ಮಣ್ಣಿನ ಕಬ್ಬಿಣ ಆಮ್ಲಜನಕ ಹೀರಿ ಕೆಂಪಾಗುತ್ತದೆ. ಕಂಡಿ ಮುಚ್ಚಿ ಗಾಳಿ ಕಟ್ಟಿದರೆ ಮಡಕೆ ಹೊಗೆ ಕುಡಿದು ಕಪ್ಪಾಗುತ್ತದೆ. ಬೆಂಕಿ ಆರಿದ ಮೇಲೂ ಒಳಗೆ ಗಾಳಿ ಎಷ್ಟಿತ್ತು ಎಂಬುದು ಮಡಕೆಯ ಬಣ್ಣದಲ್ಲಿ ಉಳಿದಿರುತ್ತದೆ. “ಇದು ಗಾಳಿ ಕಟ್ಟಿದ ಆವಿಗೀರಿ ಸರ. ಒಳಗ ಗಾಳಿ ಇಲ್ಲ. ಸೆನ್ಸರ್‌ಗೆ ಸಿಗಾಕತ್ತಿದ್ದು ಹೊರಗಿನ ಗಾಳಿ.”

ಆ ಮಾತಿನಿಂದ ಹುಡುಕುವ ಜಾಗ ಅರ್ಧ ಗಜಕ್ಕೆ ಇಳಿಯಿತು. ಟರ್ಬೊ ಕಾರಿನಲ್ಲಿ ಮುಂದಿನ ಸೆನ್ಸರನ್ನು ಸಾಮಾನ್ಯವಾಗಿ ಟರ್ಬೊದ ಆಚೆ ಕೂರಿಸುತ್ತಾರೆ, ಏಕೆಂದರೆ ಟರ್ಬೊದ ಈಚೆ ಹೊಗೆಯ ಬಿಸಿಯೂ ಹೆಚ್ಚು, ಒತ್ತಡವೂ ಹೆಚ್ಚು. ಒತ್ತಡ ಏರಿದರೆ ಸೆನ್ಸರಿನ ಅಳತೆ ತಪ್ಪುತ್ತದೆ. ಹಾಗಾಗಿ ಸಿಲಿಂಡರಿಗೂ ಸೆನ್ಸರಿಗೂ ನಡುವೆ ಸಾದಾ ಕಾರಿನಲ್ಲಿಲ್ಲದ ಜೋಡಣೆಗಳು ಬರುತ್ತವೆ. ಟರ್ಬೊ ಕೂರುವ ಫ್ಲ್ಯಾಂಜು, ಟರ್ಬೊದಿಂದ ಡೌನ್‌ಪೈಪ್ ಹೊರಡುವ ಫ್ಲ್ಯಾಂಜು. ಹೊಗೆ ಒಂದೇ ಸಮನೆ ಹರಿಯುವುದಿಲ್ಲ. ಒಂದೊಂದು ಸಿಲಿಂಡರ್ ಬಿಟ್ಟಂತೆ ದೂಡು ದೂಡಾಗಿ ಬರುತ್ತದೆ. ಎರಡು ದೂಡಿನ ನಡುವೆ ಒತ್ತಡ ಕುಸಿದಾಗ ಜೋಡಣೆಯಲ್ಲಿ ಸಂದಿಯಿದ್ದರೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಸೆನ್ಸರ್ ಆ ಆಮ್ಲಜನಕ ಕಂಡು ಲೀನ್ ಎನ್ನುತ್ತದೆ. ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ. ಸಂದಿಯ ಗಾಳಿ ನಿಲ್ಲುವುದಿಲ್ಲ, ಪೆಟ್ರೋಲೂ ನಿಲ್ಲುವುದಿಲ್ಲ, ಪ್ಲಗ್ ಕಪ್ಪಾಗುತ್ತದೆ.

ಮರುದಿನ ಬೆಳಿಗ್ಗೆ ತಣ್ಣನೆಯ ಇಂಜಿನ್ನಿಗೆ ಕಿವಿಗೊಟ್ಟಾಗ ಸಣ್ಣಗೆ ಟಿಕ್ ಟಿಕ್ ಸದ್ದು. ಕಾಯುತ್ತ ಬಂದಂತೆ ಸದ್ದು ಮಾಯ, ಟ್ರಿಮ್ಮೂ ಇಳಿತ. ಲೋಹ ಹಿಗ್ಗಿ ಸಂದಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಇಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಸೈಲೆನ್ಸರಿನ ಬಾಯಿಗೆ ಬ್ಲೋವರ್ ಇಟ್ಟು ಸುತ್ತ ಬಟ್ಟೆ ತುರುಕಿದರು. ಹೀಟ್ ಶೀಲ್ಡ್ ಬಿಚ್ಚಿ, ಟರ್ಬೊ ಮತ್ತು ಡೌನ್‌ಪೈಪಿನ ಜೋಡಣೆಗೆ ಸೋಪಿನ ನೀರು ಹೊಡೆದರು. ಕೆಳಗಿನ ಸ್ಟಡ್ಡಿನ ಹತ್ತಿರ ಗುಳ್ಳೆ ಎದ್ದವು. ಅಲ್ಲೇ ಫ್ಲ್ಯಾಂಜಿನ ಅಂಚಿಗೆ ಬೀಸಣಿಗೆ ಆಕಾರದ ಕಪ್ಪು ಮಸಿ.

ಬಿಚ್ಚಿ ನೋಡಿದರೆ ಕಾರಣ ಸ್ಪಷ್ಟ. ಹಿಂದೆ ಯಾವಾಗಲೋ ಪೈಪ್ ಇಳಿಸಿದ್ದವರು ಹಳೆಯ ಪ್ಯಾಕಿಂಗನ್ನೇ ಮತ್ತೆ ಹಾಕಿದ್ದರು. ಒಂದು ಸ್ಟಡ್ ಒಳಗೇ ಮುರಿದಿತ್ತು. ಉಳಿದೆರಡರ ಬಿಗಿತಕ್ಕೆ ಪೈಪಿನ ಫ್ಲ್ಯಾಂಜು ಕೂದಲೆಳೆಯಷ್ಟು ಸೊಟ್ಟಗಾಗಿತ್ತು. ಮುರಿದ ಸ್ಟಡ್ ತೆಗೆಯಲು ಅರ್ಧ ದಿನ ಹಿಡಿಯಿತು. ಡೌನ್‌ಪೈಪ್ ಬೆಳಗಾವಿಯ ಉದ್ಯಮಬಾಗಿಗೆ ಹೋಯಿತು. ಬೀಡುಕಬ್ಬಿಣ ಎರಕ ಹೊಯ್ದು ಇಂಜಿನ್ ಬ್ಲಾಕುಗಳನ್ನೇ ತಯಾರಿಸುವ ಆ ಪೇಟೆಗೆ ಒಂದು ಫ್ಲ್ಯಾಂಜಿನ ಮುಖ ಸಪಾಟು ಮಾಡುವುದು ಸಣ್ಣ ಕೆಲಸ. ಹೊಸ ಪ್ಯಾಕಿಂಗ್, ಹೊಸ ಸ್ಟಡ್, ಹೊಸ ನಟ್. ಸಿಲಿಕೋನ್ ಪೇಸ್ಟ್ ಸವರಲೇ ಎಂದು ಹುಡುಗ ಕೇಳಿದಾಗ ಮಿಸ್ತ್ರಿ ಕೈ ಅಡ್ಡ ಹಿಡಿದರು. ಅದರ ಆವಿ ಸೆನ್ಸರಿನ ಮೇಲೆ ಬಿಳಿ ಪದರ ಕಟ್ಟಿ ಅದನ್ನು ಕುರುಡು ಮಾಡುತ್ತದೆ.

ಪ್ಲಗ್ ಬದಲಿಸಿ ಗಾಡಿ ಓಡಿಸಿದ ಮೇಲೆ ಐಡ್ಲಿಂಗಿನ ಟ್ರಿಮ್ ಪ್ಲಸ್ 3ಕ್ಕೆ ಬಂದು ನಿಂತಿತು. ಹೊಸ ಸೆನ್ಸರ್ ಹಾಕಿದಾಗ ದೀಪ ಯಾಕೆ ಆರಿತ್ತು ಎಂಬುದೂ ತಿಳಿಯಿತು. ದೀಪ ಆರಿಸಿದ್ದು ಸೆನ್ಸರಲ್ಲ, ಕೋಡ್ ಅಳಿಸಿದ ಬಟನ್. ಅಳಿಸಿದಾಗ ಇಸಿಯು ತಾನು ಕಲಿತದ್ದನ್ನೂ ಮರೆಯುತ್ತದೆ. ಮತ್ತೆ ಕಲಿತು, ಮಿತಿ ಮುಟ್ಟಿ, ದೂರು ಬರೆಯಲು ಕೆಲವು ದಿನ ಬೇಕು. ಆ ಕೆಲವು ದಿನಗಳನ್ನು ರಿಪೇರಿ ಎಂದು ತಿಳಿದು ಎಷ್ಟೋ ಮನೆಗಳು ಹಣ ಕಟ್ಟುತ್ತವೆ. ದೊಡ್ಡ ಪಗಾರವಿಲ್ಲದ ಊರುಗಳಲ್ಲಿ ಹತ್ತು ಸಾವಿರ ರೂಪಾಯಿ ಒಂದು ಮಗುವಿನ ವರ್ಷದ ಶುಲ್ಕ. ಹಲಸಿ ಸರ್‌ಗೆ ಇವತ್ತಿಗೂ ಕಾಡುವುದು ಈ ಸಂಗತಿಯೇ, ತಮ್ಮ ಬಿಲ್ಲಿಗಿಂತ ಹೆಚ್ಚಾಗಿ.

ಹಳೆಯ ಸೆನ್ಸರನ್ನು ಅವರು ಎಸೆದಿರಲಿಲ್ಲ. ಡಿಕ್ಕಿಯಲ್ಲಿದ್ದ ಡಬ್ಬಿಯಿಂದ ತೆಗೆದು ಮಿಸ್ತ್ರಿಯ ಮಲ್ಟಿಮೀಟರಿಗೆ ಹಿಡಿದಾಗ ಅದರ ಹೀಟರೂ ನೆಟ್ಟಗಿತ್ತು. ಅದನ್ನು ಕಾಲೇಜಿಗೆ ಒಯ್ದು, ಲ್ಯಾಬಿನ ವೈಸಿನಲ್ಲಿ ಕಚ್ಚಿಸಿ, ಗರಗಸದಿಂದ ಕವಚ ಕೊಯ್ದು ತೆಗೆದರು. ತೂತುಗಳ ಉಕ್ಕಿನ ಟೊಪ್ಪಿಗೆ, ಅದರೊಳಗೆ ಇನ್ನೊಂದು ಟೊಪ್ಪಿಗೆ, ಅದರೊಳಗೆ ಐಸ್‌ಕ್ರೀಮ್ ಕಡ್ಡಿಗಿಂತ ಸಣ್ಣ ಪಿಂಗಾಣಿಯ ಪಟ್ಟಿ. ಬೆಂಚಿನಿಂದ ಬೆಂಚಿಗೆ ಅದು ಕೈದಾಟಿತು. ಆ ವರ್ಷ ನರ್ನ್‌ಸ್ಟ್ ಸಮೀಕರಣದ ಲೆಕ್ಕವನ್ನು ಅವರು ಪುಸ್ತಕದ ಸತು–ತಾಮ್ರದ ಕೋಶದಿಂದ ಶುರುಮಾಡಲಿಲ್ಲ. ಒಂದು ಮಗ್ಗುಲು ಹಲಸಿಯ ಗಾಳಿ, ಇನ್ನೊಂದು ಮಗ್ಗುಲು ಕಾರಿನ ಹೊಗೆ, ನಡುವೆ 700 ಡಿಗ್ರಿ ಕಾದ ಜಿರ್ಕೋನಿಯಾ ಎಂದು ಬೋರ್ಡಿನ ಮೇಲೆ ಬರೆದರು. ಟ್ರ್ಯಾಕ್ಟರ್, ಟೆಂಪೊ ಇರುವ ಮನೆಯ ಹುಡುಗರು ಅವತ್ತು ಕೇಳಿದ ಪ್ರಶ್ನೆಗಳಿಗೆ ಪೀರಿಯಡ್ ಸಾಲಲಿಲ್ಲ.

ಅದೇ ಪಿ 0171 ಆಮೇಲೂ ಆ ಗ್ಯಾರೇಜಿಗೆ ಬಂದಿದೆ. ಬೇರೊಂದು ಟರ್ಬೊ ಗಾಡಿಯಲ್ಲಿ ಐಡ್ಲಿಂಗಿನ ಟ್ರಿಮ್ ಸರಿಯಾಗಿತ್ತು, ಏರಿನಲ್ಲಿ ಜಿಗಿಯುತ್ತಿತ್ತು, ಪ್ಲಗ್ಗು ಬೆಳ್ಳಗಿದ್ದವು. ಅಲ್ಲಿ ನಿಜವಾಗಿಯೂ ಪೆಟ್ರೋಲ್ ಸಾಲುತ್ತಿರಲಿಲ್ಲ. ಟ್ಯಾಂಕಿನ ಪಂಪಿನ ಜಾಳಿಗೆ ಕೆಸರು ಕಟ್ಟಿತ್ತು. ಟರ್ಬೊ ಇಂಜಿನ್ ಬೂಸ್ಟಿನಲ್ಲಿ ಲೀನ್ ಓಡಿದರೆ ಪಿಸ್ಟನ್ನೇ ಸುಡಬಹುದು. ಕೋಡ್ ಒಂದೇ, ಒಂದು ಗಾಡಿಗೆ ಪ್ಯಾಕಿಂಗ್ ಸಾಕಾಯಿತು, ಇನ್ನೊಂದು ಒಂದು ವಾರ ತಡವಾಗಿದ್ದರೆ ಇಂಜಿನ್ನೇ ಬಿಚ್ಚಬೇಕಾಗುತ್ತಿತ್ತು.

ಈಗ ಹೊಸ ತೊಡಕೊಂದು ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20 ಪೆಟ್ರೋಲಿನಲ್ಲಿ 20 ಪ್ರತಿಶತ ಎಥೆನಾಲ್. ಬೆಳಗಾವಿ ಜಿಲ್ಲೆಯಂಥ ಕಬ್ಬಿನ ಸೀಮೆಯಿಂದ ಬರುವ ಸರಕು. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತಿರುತ್ತದೆ. ಅದಕ್ಕೆ ಒಂದಕ್ಕೆ ಒಂಬತ್ತರಷ್ಟು ಗಾಳಿ ಸಾಕು. ಇ20ರಲ್ಲಿ 14.7ರ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಇ10ನಿಂದ ಇ20ಕ್ಕೆ ಬಂದ ಹಳೆಯ ಗಾಡಿಯ ಟ್ರಿಮ್ ಯಾವ ದೋಷವೂ ಇಲ್ಲದೆ ನಾಲ್ಕು ಪ್ರತಿಶತದಷ್ಟು ಮೇಲೆ ಕೂರುತ್ತದೆ. ಅದರ ಮೇಲೆ ಸಣ್ಣ ಸೋರಿಕೆ ಸೇರಿದರೆ ದೀಪ ಮೊದಲಿಗಿಂತ ಬೇಗ ಹೊತ್ತುತ್ತದೆ.

ಮಿಸ್ತ್ರಿ ಒಂದು ವಹಿ ಇಟ್ಟಿದ್ದಾರೆ. ಗಾಡಿ ಬಂದ ಕೂಡಲೇ ಹುಡುಗರು ಅದರಲ್ಲಿ ಫ್ರೀಜ್ ಫ್ರೇಮ್, ತಣ್ಣಗಿದ್ದಾಗಿನ ಟ್ರಿಮ್, ಕಾದಾಗಿನ ಟ್ರಿಮ್, ಪ್ಲಗ್ಗಿನ ಬಣ್ಣ ಬರೆಯಬೇಕು. ಬರೆಯುವ ಮುಂಚೆ ಕೋಡ್ ಅಳಿಸಿದರೆ ಬೈಗಳು. ನಿವೃತ್ತಿಯಾದ ಮೇಲೆ ಹಲಸಿ ಸರ್ ಖಾನಾಪುರದ ಸಂತೆಗೆ ಬಂದಾಗಲೆಲ್ಲ ಆ ವಹಿ ತೆಗೆಸುತ್ತಾರೆ. ಈಚೆಗೆ ಅದಕ್ಕೆ ಇನ್ನೊಂದು ಕಾಲಂ ಗೆರೆ ಎಳೆದು ಕೊಟ್ಟಿದ್ದಾರೆ: ಪೆಟ್ರೋಲ್ ಯಾವಾಗ ಹಾಕಿಸಿದ್ದು, ಯಾವ ಬಂಕಿನದು.